ಟೈಲರಮ್ಮನ ಗೋಡೆ ಸಿಸ್ಟರ್

ಟೈಲರಮ್ಮನ ಬಾಯಿಗೆ ಹೆದರದ ಗಿರಾಕಿ ಆ ಬೀದಿಯಲ್ಲಿ ಇರಲಿಲ್ಲ. ಸೊಂಟದ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡವರಿಗೆ, "ಉಸಿರು ಬಿಡಿ ಸ್ವಾಮಿ, ಪ್ಯಾಂಟು ಹಾಕ್ಕೊಂಡ ಮೇಲೂ ನೀವು ಉಸಿರಾಡಬೇಕು ತಾನೆ" ಎನ್ನುತ್ತಿದ್ದಳು. ನಾಳೆಯೇ ಬೇಕು ಎಂದು ಬಂದವರಿಗೆ, "ನಾಳೆಗೆ ಬೇಕಾದ್ದನ್ನ ಹೋದ ವಾರ ತರಬೇಕಿತ್ತು" ಎನ್ನುತ್ತಿದ್ದಳು. ಆದರೂ ಯಾರೂ ಅವಳನ್ನು ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ. ಅವಳು ಹೊಲಿದ ಸ್ಕೂಲ್ ಯೂನಿಫಾರಂ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಯ ಪೋಕರಿಗೆ ಹೋದರೂ ಒಂದು ಎಳೆ ಬಿಚ್ಚುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೆಷಿನ್ನು, ಎದುರಿಗೆ ಒಂದು ನಿಲುಗನ್ನಡಿ, ಮೂಲೆಯಲ್ಲಿ ಮಡಿಕೆ ಬಿಚ್ಚದ ಬಟ್ಟೆಯ ರಾಶಿ. ಹಿಂದೆ ಅಡುಗೆಮನೆ, ಅದರ ಮೇಲೆ ಮಗಳ ಪುಟ್ಟ ಕೋಣೆ.

ಇಷ್ಟು ಬಾಯಿ ಇದ್ದವಳು ಒಂದೇ ಒಂದು ಮಾತನ್ನು ಹಲ್ಲು ಕಚ್ಚಿ ಒಳಗಿಟ್ಟುಕೊಂಡಿದ್ದಳು. ಅವಳಿಗೆ ಎಚ್‌ಐವಿ ಇತ್ತು. ಗಂಡ ಜ್ವರ ಜ್ವರ ಎನ್ನುತ್ತಲೇ ಕಣ್ಣು ಮುಚ್ಚಿದಾಗ ಡಾಕ್ಟರು ಅವಳನ್ನೂ ಮಗಳನ್ನೂ ಪರೀಕ್ಷೆ ಮಾಡಿಸಿದರು. ಆಗಿನ್ನೂ ತೊದಲು ಮಾತಾಡುತ್ತಿದ್ದ ಮಗಳಿಗೆ ಇಲ್ಲ ಎಂದು ಬಂತು. ಅವಳಿಗೆ ಇದೆ ಎಂದು ಬಂತು. ಪುಣ್ಯಾತ್ಮ ನನಗೆ ಬಿಟ್ಟು ಹೋದ ಆಸ್ತಿ ಇದೊಂದೇ ಎಂದು ಅವಳು ಎಷ್ಟೋ ದಿನ ಮೆಷಿನ್ನಿನ ಮುಂದೆ ಗೊಣಗಿಕೊಂಡಿದ್ದಾಳೆ.

ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ಕೋಣೆಯಿದೆ. ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವುದು ಅಲ್ಲಿ. ಮೊದಲ ದಿನ ಅಲ್ಲಿಗೆ ಹೋದಾಗ ಅವಳು ಬಾಗಿಲಲ್ಲೇ ನಿಂತು, "ನಾನು ಇನ್ನೆಷ್ಟು ದಿನ ಇರ್ತೀನಿ ಹೇಳಿಬಿಡಿ ಸಿಸ್ಟರ್, ಮಗಳನ್ನ ಯಾರಿಗಾದ್ರೂ ಒಪ್ಪಿಸಬೇಕು" ಎಂದಿದ್ದಳು.

ಅಲ್ಲಿದ್ದ ನರ್ಸು ತಲೆ ಎತ್ತಿ, "ಬೆಳಿಗ್ಗೆ ಏನು ತಿಂದ್ರಿ?" ಎಂದು ಕೇಳಿದರು.

"ಏನೂ ಇಲ್ಲ."

"ಸಾಯೋ ವಿಚಾರ ಖಾಲಿ ಹೊಟ್ಟೇಲಿ ಮಾತಾಡಬಾರದು. ಕೂತ್ಕೊಳ್ಳಿ" ಎಂದು ಸಿಸ್ಟರ್ ತಮ್ಮ ಡಬ್ಬಿ ತೆಗೆದು ಅರ್ಧ ಊಟ ಅವಳ ಮುಂದೆ ತಳ್ಳಿದರು. ಒಂದೇ ಡಬ್ಬಿಯಿಂದ ತನ್ನ ಜೊತೆ ಕೈ ಹಾಕಿ ತಿಂದ ಆ ಹೆಂಗಸನ್ನು ಟೈಲರಮ್ಮ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಊಟ ಮುಗಿಯುವಷ್ಟರಲ್ಲಿ ಸಾವಿನ ವಿಚಾರ ಇಬ್ಬರಿಗೂ ಮರೆತುಹೋಗಿತ್ತು.

ಆಮೇಲೆ ಶುರುವಾಯಿತು ನೋಡಿ ಸಿಸ್ಟರ್ ಕಾಟ. ಹೋದ ಸಲ ಕೊಟ್ಟ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿ ಎಣಿಸುವುದು, ಒಂದು ಹೆಚ್ಚು ಉಳಿದಿದ್ದರೂ ವಕೀಲರ ಹಾಗೆ ಪ್ರಶ್ನೆ ಕೇಳುವುದು. ವಾಂತಿ ಬರುತ್ತದೆ ಎಂದರೆ ಹೇಗೆ ನುಂಗಬೇಕು, ಕೆಟ್ಟ ಕನಸು ಬೀಳುತ್ತದೆ ಎಂದರೆ ಎಷ್ಟು ದಿನಕ್ಕೆ ನಿಲ್ಲುತ್ತದೆ, ಎಲ್ಲಕ್ಕೂ ಉತ್ತರ ತಯಾರು. ಒಂದು ಸಲ ಟೈಲರಮ್ಮ ಸೂಜಿ ಚುಚ್ಚಿದ ಬೆರಳು ಹಿಡಿದುಕೊಂಡು ಅಳುತ್ತಾ ಹೋಗಿದ್ದಳು. ಯಾರದೋ ಮಗುವಿನ ಬಿಳಿ ಶರ್ಟಿಗೆ ರಕ್ತದ ಒಂದು ಹನಿ ತಾಗಿತ್ತು, ಇನ್ನು ಹೊಲಿಗೆಯ ಸಹವಾಸವೇ ಬೇಡ ಎಂದು ತೀರ್ಮಾನಿಸಿಬಿಟ್ಟಿದ್ದಳು. ಸಿಸ್ಟರ್ ಶರ್ಟು ತಿರುಗಿಸಿ ನೋಡಿ, "ಒಣಗಿದ ಮೇಲೆ ಇದು ಬರೀ ಕಲೆ. ಸೋಪು ಹಾಕಿ ಉಜ್ಜಿ. ಬಟ್ಟೆಯಿಂದ ಬರೋ ಕಾಯಿಲೆ ಅಲ್ಲ ಇದು. ನಿಮ್ಮ ಮಗಳಿಗೆ ಊಟ ಹಾಕೋದು ಆ ಮೆಷಿನ್ನು, ಅದನ್ನ ಬಿಡಬೇಡಿ" ಎಂದು ಬೆರಳಿಗೆ ಪಟ್ಟಿ ಕಟ್ಟಿ ಕಳಿಸಿದರು. ವರ್ಷಗಳು ಉರುಳಿದವು. ಪ್ರತಿ ಪರೀಕ್ಷೆಯಲ್ಲೂ ರಕ್ತದಲ್ಲಿ ವೈರಸ್ಸು ಕಾಣದಷ್ಟು ಕಡಿಮೆ ಎಂದೇ ಬರುತ್ತಿತ್ತು, ಟೈಲರಮ್ಮನ ಬಾಯಿ ಮಾತ್ರ ಜೋರಾಗುತ್ತಲೇ ಹೋಯಿತು.

ಇಂಥ ಸಿಸ್ಟರ್‌ಗೆ ರೋಗಿಗಳೆಲ್ಲ ಸೇರಿ ಇಟ್ಟ ಹೆಸರು ಗೋಡೆ. ಅದಕ್ಕೊಂದು ಕಾರಣವಿದೆ. ಮೊದಮೊದಲು ಟೈಲರಮ್ಮ ಅವರನ್ನು ತರಕಾರಿ ಮಾರ್ಕೆಟ್ಟಿನಲ್ಲಿ ಕಂಡು ಹಲ್ಲುಬಿಡುವುದರಲ್ಲಿದ್ದಳು. ಸಿಸ್ಟರ್ ಅವಳ ಮುಖವನ್ನು ಈರುಳ್ಳಿಯ ರಾಶಿ ನೋಡಿದ ಹಾಗೆ ನೋಡಿ ಮುಂದೆ ಹೋಗಿಬಿಟ್ಟರು. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಲ ಮಾತ್ರೆಗೆ ಹೋದಾಗ, "ಒಳಗೆ ಡಬ್ಬಿ ಹಂಚ್ಕೊಂಡು ತಿಂತೀರಿ, ಹೊರಗೆ ಕಂಡ್ರೆ ಗುರುತಿಲ್ವಾ" ಎಂದು ತರಾಟೆಗೆ ತೆಗೆದುಕೊಂಡಳು.

"ಗುರುತಿಲ್ಲ" ಎಂದರು ಸಿಸ್ಟರ್. "ನಾನು ಯಾವ ಕೋಣೇಲಿ ಕೆಲಸ ಮಾಡ್ತೀನಿ ಅಂತ ಗೊತ್ತಿರೋರು ಊರಲ್ಲಿ ಎಷ್ಟು ಜನ ಇದ್ದಾರೋ. ನಾನು ಯಾರನ್ನ ನೋಡಿ ನಕ್ಕರೂ ಅವರಿಗೂ ಅದೇ ಕಾಯಿಲೆ ಅಂತ ನೋಡೋರು ಲೆಕ್ಕ ಹಾಕಿಬಿಡ್ತಾರೆ. ಅದಕ್ಕೆ ಹೊರಗೆ ನಾನು ಮೊದಲು ಮಾತಾಡಿಸಲ್ಲ. ನೀವಾಗೇ ಮಾತಾಡಿಸಿದ್ರೆ ಮಾತಾಡ್ತೀನಿ. ಇಲ್ಲ ಅಂದ್ರೆ ನಾನು ಗೋಡೆ."

ಅಂದಿನಿಂದ ಟೈಲರಮ್ಮನಿಗೆ ಇದು ಆಟವಾಯಿತು. ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ಕಿಟಕಿ ನೋಡಿದ್ದುಂಟು. ಒಂದು ಸಲ ಸಿಸ್ಟರ್ ಅವಳ ಕಾಲು ತುಳಿದು, ಅಪರಿಚಿತರ ಹಾಗೆ ಸಾರಿ ಕೇಳಿದ್ದರು. ನಗು ತಡೆದುಕೊಂಡು ಟೈಲರಮ್ಮನ ಪಕ್ಕೆ ಹಿಡಿದುಕೊಂಡಿತ್ತು.

ಹೀಗಿರುವಾಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಒಂದು ದಿನ, "ಅಮ್ಮ, ನಾನೊಬ್ಬನ್ನ ಮದುವೆ ಆಗ್ಬೇಕು ಅಂತಿದ್ದೀನಿ" ಎಂದಳು. ಹುಡುಗ ಲಿಫ್ಟ್ ರಿಪೇರಿ ಮಾಡುವವನು. ಅಂಗಡಿಯ ಕಟ್ಟಡದ ಲಿಫ್ಟಿನಲ್ಲಿ ಮಗಳು ಸಿಕ್ಕಿಹಾಕಿಕೊಂಡಾಗ ಬಾಗಿಲ ಸಂದಿಯಿಂದ ಧೈರ್ಯ ಹೇಳುತ್ತಾ ಬಿಡಿಸಿದವನಂತೆ. ಆಮೇಲೆ ಆ ಲಿಫ್ಟು ವಾರಕ್ಕೊಮ್ಮೆ ಕೆಡತೊಡಗಿತಂತೆ.

"ಅವನ ಅಪ್ಪ ಅಮ್ಮ?" ಎಂದಳು ಟೈಲರಮ್ಮ.

"ಅಪ್ಪ ಬಸ್ ಡ್ರೈವರ್ ಆಗಿದ್ರು, ಈಗ ರಿಟೈರ್ಡು. ಅಮ್ಮ ದೊಡ್ಡಾಸ್ಪತ್ರೇಲಿ ಸಿಸ್ಟರ್."

ಟೈಲರಮ್ಮ ತುಳಿಯುತ್ತಿದ್ದ ಪೆಡಲು ನಿಲ್ಲಿಸಿದಳು. ಮರುಕ್ಷಣವೇ, ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಸಿಸ್ಟರ್‌ಗಳಿಗೇನು ಬರವೇ ಎಂದು ಸಮಾಧಾನ ಮಾಡಿಕೊಂಡಳು. ಮಗಳು ಮೆಲ್ಲಗೆ, "ನಿನ್ನ ವಿಷಯ ಅವನಿಗೆ ಹೇಳಿಬಿಡ್ಲಾ?" ಎಂದಳು. ಬುದ್ಧಿ ಬಂದಾಗಿನಿಂದ ತಾಯಿಯ ಮಾತ್ರೆ ನೋಡಿಕೊಂಡೇ ಬೆಳೆದ ಹುಡುಗಿ ಅದು.

"ನನ್ನ ರಕ್ತದ ವಿಷಯ ನಿನ್ನ ಬಾಯಲ್ಲಿ ಯಾಕೆ? ಅವರು ಬರಲಿ. ಸಮಯ ನೋಡಿ ನಾನೇ ಹೇಳ್ತೀನಿ" ಎಂದಳು ಟೈಲರಮ್ಮ. ಹೇಳಿದರೆ ಮದುವೆ ಮುರಿದೀತು, ಹೇಳದಿದ್ದರೆ ನಾಳೆ ಯಾರ ಬಾಯಿಂದಲೋ ತಿಳಿದು ಮಗಳ ಬದುಕು ಮುರಿದೀತು. ಅವಳು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದಳು.

ರಜೆಯ ದಿನ ಅವರು ಬಂದರು. ಮುಂದೆ ಹುಡುಗ, ಹಿಂದೆ ಎತ್ತರದ ಡ್ರೈವರ್ ಯಜಮಾನರು, ಅವರ ಹಿಂದೆ ಚಪ್ಪಲಿ ಬಿಡುತ್ತಾ ತಲೆ ಎತ್ತಿದ ಹೆಂಗಸು. ಗೋಡೆ ಸಿಸ್ಟರ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಿಸ್ಟರ್ ಮುಖ ಆ ಕ್ಷಣವೇ ಗೋಡೆಯಾಯಿತು. ಟೈಲರಮ್ಮನಿಗೂ ಅಭ್ಯಾಸ ಬಲ ನೋಡಿ, ಅವಳೂ ಗೋಡೆಯಾದಳು. "ಬನ್ನಿ, ಕೂತ್ಕೊಳ್ಳಿ" ಎಂದು ಯಾರಿಗೋ ಹೇಳಿದ ಹಾಗೆ ಹೇಳಿ ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಟೀ ಇಟ್ಟು ಅದರ ಮುಂದೆ ನಿಂತೇ ಬಿಟ್ಟಳು. ಮಗಳು ಬಂದು ಭುಜ ಅಲುಗಿಸುವ ಹೊತ್ತಿಗೆ ಟೀ ಕುದಿದು ಕುದಿದು ಕಪ್ಪಗಾಗಿತ್ತು.

ಹೊರಗೆ ಯಜಮಾನರೊಬ್ಬರೇ ಮಾತಾಡುತ್ತಿದ್ದರು. ತಾವು ಓಡಿಸಿದ ಬಸ್ಸುಗಳು, ಅವುಗಳ ಬ್ರೇಕು, ಬ್ರೇಕಿಲ್ಲದ ಕಂಡಕ್ಟರುಗಳು. ನಡುವೆ ಹೆಂಡತಿಯನ್ನು ತಿವಿದು, "ನೀನೂ ಏನಾದ್ರೂ ಕೇಳೇ" ಎಂದರು. ಸಿಸ್ಟರ್ ಗಂಟಲು ಸರಿಮಾಡಿಕೊಂಡು, "ಎಷ್ಟು ವರ್ಷದಿಂದ ಹೊಲೀತಿದ್ದೀರಿ?" ಎಂದರು.

"ತುಂಬಾ ವರ್ಷ ಆಯ್ತು" ಎಂದಳು ಟೈಲರಮ್ಮ.

"ಓ."

ಅಲ್ಲಿಗೆ ಸಂಭಾಷಣೆ ಮುಗಿಯಿತು. ಸಿಸ್ಟರ್ ಟೀ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ಟೈಲರಮ್ಮನ ಕಣ್ಣು ಆ ಲೋಟದ ಮೇಲೇ ನೆಟ್ಟಿತು. ಡಬ್ಬಿ ಹಂಚಿಕೊಂಡು ತಿಂದ ಕೈ ಇಂದು ತನ್ನ ಮನೆಯ ಟೀ ಬಿಟ್ಟಿತು. ಅಲ್ಲಿ ನಾನು ರೋಗಿ, ಇಲ್ಲಿ ನಾನು ಬೀಗಿತ್ತಿ, ಎರಡೂ ಒಂದೇನಾ ಎಂದುಕೊಂಡಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವರು ಹೋದ ಮೇಲೆ ಅವಳಿಗೆ ಬಂದ ಸಂಕಟ ಗಂಡ ಸತ್ತಾಗಲೂ ಬಂದಿರಲಿಲ್ಲ.

ಮಕ್ಕಳಿಬ್ಬರಿಗೂ ಬೇರೆಯೇ ಅನುಮಾನ. "ಎರಡು ಜಡೆ ಒಂದು ಕಡೆ ಸೇರಲ್ಲ ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ" ಎಂದಳು ಮಗಳು. "ಹಳೇ ಜಗಳ ಏನಾದ್ರೂ ಇದ್ರೆ ಹೇಳಿಬಿಡಮ್ಮ. ಬಟ್ಟೆ ಕೆಡಿಸಿದ್ಯಾ ಅವರದ್ದು? ಅವನು ಎಷ್ಟು ಕೇಳಿದ್ರೂ ಅವರಮ್ಮ ಬಾಯೇ ಬಿಡ್ತಿಲ್ವಂತೆ. ಮೊದಲು ಅವರ ಕಡೆಯಿಂದ ಬರಲಿ ಅಂತಾರಂತೆ, ಅಷ್ಟೇ."

ಮೊದಲು ಅವರ ಕಡೆಯಿಂದ ಬರಲಿ. ಟೈಲರಮ್ಮ ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೇಡ ಅನ್ನುವ ಮಾತು ಹೆಣ್ಣಿನ ಕಡೆಯಿಂದಲೇ ಮೊದಲು ಬರಲಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಲ್ಲವೇ? ಹಾಗೆಂದೇ ಅವಳು ಅರ್ಥ ಮಾಡಿಕೊಂಡಳು. ಸಿಟ್ಟಿಗೆ ಮೆಷಿನ್ನಿನ ಪೆಡಲು ಕಿತ್ತುಬರುವ ಹಾಗೆ ತುಳಿದಳು. ಮಾತ್ರೆ ತರುವ ದಿನ ಬಂತು, ಹೋಗಲಿಲ್ಲ. ಆ ಕೋಣೆಯ ಮೆಟ್ಟಿಲು ಇನ್ನು ಇಳಿಯುವವಳಲ್ಲ ಎಂದು ಶಪಥ ಮಾಡಿದಳು. ಡಬ್ಬಿಯ ತಳದಲ್ಲಿ ಮಾತ್ರೆಗಳು ಕಡಿಮೆಯಾಗುತ್ತಾ ಬಂದವು.

ತಾರೀಖು ತಪ್ಪಿಸಿದವರಿಗೆ ಸಿಸ್ಟರ್ ಫೋನ್ ಮಾಡುವ ಪದ್ಧತಿಯಿತ್ತು. ಮನೆಯಲ್ಲಿ ಯಾರು ಕೇಳಿಸಿಕೊಂಡರೂ ಗೊತ್ತಾಗದಂತೆ ಒಬ್ಬೊಬ್ಬರಿಗೆ ಒಂದೊಂದು ನೆಪ. ಟೈಲರಮ್ಮನದು ಪರದೆ. ಫೋನ್ ಬಂದಾಗ ಅವಳ ಎದುರಿಗೆ ದಪ್ಪ ಗಿರಾಕಿಯೊಬ್ಬ ಪ್ಯಾಂಟಿನ ಅಳತೆಗೆ ಕೈ ಎತ್ತಿ ನಿಂತಿದ್ದ.

"ಕೊಟ್ಟಿದ್ದ ಪರದೆ ಏನಾಯ್ತು ಟೈಲರಮ್ಮ? ತಾರೀಖು ದಾಟಿತು."

"ಹೊಲಿಯಲ್ಲ. ನಿಮ್ಮ ಮನೆ ಕಿಟಕಿಗೆ ನಮ್ಮ ಬಟ್ಟೆ ಒಗ್ಗಲ್ಲ."

"ಒಗ್ಗಲ್ಲ ಅಂತ ಯಾರು ಹೇಳಿದ್ರು?"

"ಬಾಯಿಬಿಟ್ಟು ಬೇರೆ ಹೇಳಬೇಕಾ? ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಕಿಟಕಿ ವಿಷಯ ಆಮೇಲೆ ನೋಡೋಣ. ಪರದೆ ಇಲ್ಲ ಅಂದ್ರೆ ಬಿಸಿಲು ಸೀದಾ ಒಳಗೆ ಬರುತ್ತೆ, ಅದು ನಿಮಗೂ ಗೊತ್ತು. ಬನ್ನಿ."

"ಬರಲ್ಲ" ಎಂದು ಫೋನ್ ಇಟ್ಟಳು. ಗಿರಾಕಿ ಕೈ ಇಳಿಸಿ, "ಒಂದು ಪರದೆಗೆ ಇಷ್ಟೊಂದು ಜಗಳವೇನಮ್ಮ?" ಎಂದ. ಅವಳು ನೋಡಿದ ನೋಟಕ್ಕೆ, "ನನ್ನ ಪ್ಯಾಂಟೇನೂ ಅರ್ಜೆಂಟಿಲ್ಲ" ಎಂದು ಸೇರಿಸಿ ಹೊರಟೇಹೋದ.

ಅಂದು ಸಂಜೆ ಮಗಳು ಡಬ್ಬಿ ಅಲ್ಲಾಡಿಸಿ ನೋಡಿದಳು. ಅದರ ಸದ್ದಿಗೇ ಅವಳಿಗೆ ಎಲ್ಲ ತಿಳಿಯಿತು. ಜಗಳವಾಡಲಿಲ್ಲ, ಅಳಲೂ ಇಲ್ಲ. "ನೀನು ಮಾತ್ರೆ ಬಿಟ್ರೆ ನಾನು ಈ ಮದುವೆ ಬಿಡ್ತೀನಿ. ನನಗೆ ಇರೋದು ನೀನೊಬ್ಬಳೇ" ಎಂದಳು.

ಮರುದಿನ ಟೈಲರಮ್ಮ ಮೆಟ್ಟಿಲಿಳಿದಳು. ಸಿಸ್ಟರ್ ಬಾಗಿಲು ಹಾಕಿ, ಕುರ್ಚಿ ಎಳೆದು ಅವಳ ಎದುರಿಗೇ ಕೂತರು. "ಬೈಯೋದಿದ್ರೆ ಮೊದಲು ಬೈದುಬಿಡಿ, ಆಮೇಲೆ ಮಾತ್ರೆ ಕೊಡ್ತೀನಿ" ಎಂದರು.

"ನನ್ನ ಮನೆ ಟೀ ಯಾಕೆ ಕುಡೀಲಿಲ್ಲ?"

"ಅದು ಟೀನಾ? ಕಷಾಯ ಅದು. ಅಷ್ಟು ಹೊತ್ತು ಕುದಿಸಿದ್ರೆ ಯಾರು ಕುಡೀತಾರೆ? ನಮ್ಮನೆಯವರು ಮರ್ಯಾದೆಗೆ ಪೂರ್ತಿ ಕುಡಿದು ಸಂಜೆತನಕ ಹೊಟ್ಟೆ ಹಿಡ್ಕೊಂಡು ಓಡಾಡಿದ್ರು."

ಟೈಲರಮ್ಮನಿಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡು, "ಮತ್ತೆ ನಮ್ಮ ಕಡೆಯಿಂದ ಮೊದಲು ಬರಲಿ ಅಂದ್ರಂತೆ?" ಎಂದಳು.

"ಹೊರಗೆ ನಾನು ಮೊದಲು ಮಾತಾಡಿಸಲ್ಲ ಅಂತ ನಿಮಗೆ ಎಷ್ಟು ಸಲ ಹೇಳಿದ್ದೀನಿ? ಸಿಸ್ಟರ್ ಅಂತ ನೀವು ಒಂದು ಸಲ ಕರೆದಿದ್ರೆ ಸಾಕಿತ್ತು, ಓಡಿಬಂದು ತಬ್ಕೋತಿದ್ದೆ. ನೀವು ಬಾಯಿ ಹೊಲ್ಕೊಂಡು ಕೂತ್ರಿ. ನಿಮ್ಮ ಗುಟ್ಟು ಅದು. ಗಂಡ ಕೇಳಿದ್ರೂ ಹೇಳೋ ಹಾಗಿಲ್ಲ, ಮಗ ಕೇಳಿದ್ರೂ ಹೇಳೋ ಹಾಗಿಲ್ಲ. ಮನೇಲಿ ಇಬ್ಬರೂ ನನ್ನನ್ನ ಶೂರ್ಪನಖಿ ನೋಡಿದ ಹಾಗೆ ನೋಡ್ತಿದ್ದಾರೆ."

ಟೈಲರಮ್ಮನಿಗೆ ತನ್ನ ತಲೆಯ ಮೇಲೆ ತಾನೇ ಮೊಟಕಿಕೊಳ್ಳಬೇಕು ಅನ್ನಿಸಿತು. ಆದರೂ ಕೇಳಬೇಕಾದ್ದು ಇನ್ನೊಂದಿತ್ತು. "ಸಿಸ್ಟರ್ ಆಗಿ ಬೇಡ, ಹುಡುಗನ ಅಮ್ಮ ಆಗಿ ಹೇಳಿ. ನಿಮಗೆ ಏನೂ ಅನ್ನಿಸಲಿಲ್ವಾ?"

ಸಿಸ್ಟರ್ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. "ಅನ್ನಿಸ್ತು. ಸುಳ್ಳು ಹೇಳಲ್ಲ. ರಕ್ತದ ಭಯ ಅಲ್ಲ, ಜನ ಏನಂತಾರೋ ಅನ್ನೋ ಭಯ. ಇಷ್ಟು ವರ್ಷ ಇದೇ ಕುರ್ಚೀಲಿ ಕೂತು ನಿಮಗೆಲ್ಲ ಧೈರ್ಯ ಹೇಳಿದೋಳು ನಾನೇನಾ ಅಂತ ಎರಡು ದಿನ ನನಗೇ ನಾಚಿಕೆ ಆಯ್ತು. ಆಮೇಲೆ ನಿಮಗೆ ಹೇಳಿದ್ದನ್ನೇ ನನಗೂ ಹೇಳ್ಕೊಂಡೆ. ಈಗ ಕೇಳಿ. ನನ್ನ ಮಗನಿಗೆ ನಿಮ್ಮ ಮಗಳು ಬೇಕು, ನನಗೂ ಬೇಕು. ಆದ್ರೆ ನಮ್ಮನೆಯವರ ಬಗ್ಗೆ ನಾನು ಮಾತು ಕೊಡಕ್ಕಾಗಲ್ಲ. ಅವರು ಏನಂತಾರೋ ನನಗೂ ಗೊತ್ತಿಲ್ಲ. ಹೇಳೋದು ಬಿಡೋದು ನಿಮಗೆ ಸೇರಿದ್ದು. ಹೇಳದೇ ಇದ್ರೆ ಬೀಗರಾದ ಮೇಲೂ ನಾನು ಗೋಡೆನೇ."

"ಜೀವನಪೂರ್ತಿ?"

"ಮೊಮ್ಮಕ್ಕಳು ಹುಟ್ಟಿದ್ರೂ."

ಟೈಲರಮ್ಮ ಮಾತ್ರೆ ತೆಗೆದುಕೊಂಡು ಮೇಲೆ ಬಂದಳು. ಸಿಸ್ಟರ್ ಮನಸ್ಸು ತಿಳಿದು ಹೊಟ್ಟೆಯಲ್ಲಿ ಹಾಲು ಹೊಯ್ದಂತಾಗಿತ್ತು. ಡ್ರೈವರ್ ಯಜಮಾನರು ಏನನ್ನುತ್ತಾರೋ ಎಂಬುದು ಮಾತ್ರ ಬಾಕಿ ಉಳಿದಿತ್ತು.

ಮುಂದಿನ ರಜೆಯ ದಿನ ತಾಯಿ ಮಗಳು ಅವರ ಮನೆಗೆ ಹೋದರು. ಮೂರನೇ ಮಹಡಿಯ ಚಿಕ್ಕ ಮನೆ, ಲಿಫ್ಟ್ ಕೆಟ್ಟಿತ್ತು. ರಿಪೇರಿಯವನ ಕಟ್ಟಡದ ಲಿಫ್ಟೇ ಕೆಟ್ಟಿದೆ ಎಂದು ಮಗಳು, ಕರೆದೊಯ್ಯಲು ಕೆಳಗೆ ಬಂದಿದ್ದ ಹುಡುಗನನ್ನು ಮೆಟ್ಟಿಲುದ್ದಕ್ಕೂ ಗೋಳು ಹೊಯ್ದುಕೊಂಡಳು. ಬಾಗಿಲು ತೆಗೆದ ಸಿಸ್ಟರ್ ಎಂದಿನಂತೆ ಗೋಡೆ. ಟೈಲರಮ್ಮ ಹೊಸ್ತಿಲು ದಾಟಿ, ಎಲ್ಲರಿಗೂ ಕೇಳುವಂತೆ, "ಚೆನ್ನಾಗಿದ್ದೀರಾ ಸಿಸ್ಟರ್?" ಎಂದಳು.

ಸಿಸ್ಟರ್ ಮುಖ ಅರಳಿತು. "ಚೆನ್ನಾಗಿದ್ದೀನಿ ಟೈಲರಮ್ಮ, ಬನ್ನಿ" ಎಂದು ಕೈ ಹಿಡಿದುಕೊಂಡರು.

ಸೋಫಾದಲ್ಲಿದ್ದ ಯಜಮಾನರು ಕನ್ನಡಕ ಮೇಲಕ್ಕೇರಿಸಿದರು. "ನಿಮ್ಮಿಬ್ಬರಿಗೂ ಮೊದಲೇ ಪರಿಚಯವಾ? ಮತ್ತೆ ಆವತ್ತು ಯಾಕೆ ಹಾಗೆ ಕೂತಿದ್ರಿ?"

ಟೈಲರಮ್ಮ ಅದೇ ಸೋಫಾದಲ್ಲಿ ಕೂತಳು. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕೈಕೊಟ್ಟವು. "ನನಗೆ ಎಚ್‌ಐವಿ ಇದೆ" ಎಂದಳು. "ನನ್ನ ಗಂಡನಿಂದ ಬಂತು. ಇಷ್ಟು ವರ್ಷ ನನ್ನನ್ನ ಉಳಿಸಿದ್ದು ಇವರು ಕೊಟ್ಟ ಮಾತ್ರೆ, ಇವರ ಬೈಗುಳ. ಮೊದಲೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ. ನನ್ನ ಮಗಳನ್ನ ನನ್ನಿಂದಾಗಿ ಬೇಡ ಅನ್ನಬೇಡಿ ಅಂತ ಕೇಳಕ್ಕೆ ಬಂದಿದ್ದೀನಿ."

ಹುಡುಗ ತಂದೆಯ ಮುಖ ನೋಡಿದ. ಯಜಮಾನರು ಹೆಂಡತಿಯ ಮುಖ ನೋಡಿದರು. "ನಿನಗೆ ಗೊತ್ತಿತ್ತಾ?"

ಸಿಸ್ಟರ್ ಆಗಲೂ ಬಾಯಿ ಬಿಡದೆ ಟೈಲರಮ್ಮನತ್ತ ತಿರುಗಿದರು. "ಹೇಳಿ ಸಿಸ್ಟರ್, ಇನ್ನೇನು" ಎಂದಳು ಟೈಲರಮ್ಮ. ಆಮೇಲೆಯೇ ಅವರು, "ಗೊತ್ತಿತ್ತು" ಎಂದದ್ದು. ಮಾತ್ರೆ ತಪ್ಪಿಸದೆ ತೆಗೆದುಕೊಂಡರೆ ಈ ಕಾಯಿಲೆ ಎಷ್ಟು ಹಿಡಿತದಲ್ಲಿರುತ್ತದೆ, ಜೊತೆಯಲ್ಲಿ ಉಂಡರೆ, ಕೂತರೆ, ಮುಟ್ಟಿದರೆ ಯಾಕೆ ಬರುವುದಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದರು. ಯಜಮಾನರು ಕೇಳುತ್ತಾ ಕೇಳುತ್ತಾ ಎದ್ದುಹೋಗಿ ಕಿಟಕಿಗೆ ಮುಖ ಮಾಡಿ ನಿಂತರು. ಅವರ ಅಗಲ ಬೆನ್ನು ನೋಡುತ್ತಾ ಟೈಲರಮ್ಮ ಮಗಳ ಕೈಯನ್ನು ಹಿಚುಕಿ ಹಿಡಿದಳು.

"ನನಗೆ ಭಯ ಆಗ್ತಿದೆ" ಎಂದರು ಅವರು, ತಿರುಗದೆಯೇ. "ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ನಾನು ಓದಿದೋನಲ್ಲ. ಬಸ್ಸಲ್ಲಿ ಜನ ಏನೇನೋ ಮಾತಾಡೋದು ಕೇಳಿದ್ದೀನಿ." ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು, ಅವರು ಅದನ್ನೇ ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. "ಇವಳು ಮನೆಗೆ ಒಂದು ತಟ್ಟೆ ತರೋಕೂ ಹತ್ತು ಅಂಗಡಿ ತಿರುಗಿಸೋಳು. ಮಗನ ಕೆಮ್ಮಿಗೆ ಇಡೀ ಮನೆ ತಲೆಕೆಳಗು ಮಾಡೋಳು. ಎಲ್ಲಾ ಗೊತ್ತಿದ್ದೂ ಇವಳು ಬೇಡ ಅನ್ನಲಿಲ್ಲ ಅಂದ ಮೇಲೆ ನಾನು ಬೇಡ ಅನ್ನೋದು ಯಾವ ಲೆಕ್ಕ?"

ಬಂದು ಮೊದಲಿನ ಜಾಗದಲ್ಲೇ, ಟೈಲರಮ್ಮನ ಪಕ್ಕದಲ್ಲೇ ಕೂತರು. "ಈಗ ಹೇಗಿದೆ?" ಎಂದರು.

ಮಗಳು ಅವಸರದಲ್ಲಿ, "ನನಗೆ ಇಲ್ಲ ಅಂಕಲ್, ಚಿಕ್ಕವಳಿದ್ದಾಗಲೇ ಪರೀಕ್ಷೆ ಮಾಡಿಸಿದ್ದಾರೆ, ಬೇಕಾದ್ರೆ ಇನ್ನೊಂದು ಸಲ" ಎಂದು ಶುರುಮಾಡಿದಳು.

"ನಿನ್ನನ್ನ ಕೇಳ್ಲಿಲ್ಲ ಮಗಳೇ" ಎಂದರು ಯಜಮಾನರು. "ಬೀಗರೇ, ನಿಮ್ಮ ಆರೋಗ್ಯ ಹೇಗಿದೆ?"

ಆ ಪ್ರಶ್ನೆಯನ್ನು ಇಷ್ಟು ವರ್ಷ ಅವಳಿಗೆ ಕೇಳಿದವರೆಲ್ಲ ಬಾಗಿಲು ಹಾಕಿಕೊಂಡು ಕೇಳಿದವರು. ಕಿಟಕಿ ತೆರೆದಿರುವ ಮನೆಯಲ್ಲಿ, ಮಕ್ಕಳ ಎದುರಿಗೆ, ಎಲ್ಲ ಗೊತ್ತಿದ್ದ ಹೊರಗಿನವರೊಬ್ಬರು ಕೇಳಿದ್ದು ಇದೇ ಮೊದಲು. ಚೆನ್ನಾಗಿದ್ದೀನಿ ಎನ್ನಲು ಬಾಯಿ ತೆರೆದಳು, ಮಾತಿಗೆ ಮೊದಲು ಅಳು ಬಂತು. ಊರೆಲ್ಲ ಹೆದರುವ ಆ ಬಾಯಿ ಒಂದು ಗಳಿಗೆ ಅತ್ತಿತು, ಅಷ್ಟೆ. ಸಿಸ್ಟರ್ ತಮ್ಮ ಕಣ್ಣನ್ನೂ ಒರೆಸಿಕೊಂಡು, ಟೀ ಇಡುತ್ತೇನೆಂದು ಒಳಗೆ ಹೋದರು.

"ಬೆನ್ನು ನೋವು" ಎಂದಳು ಟೈಲರಮ್ಮ ಮೂಗು ಒರೆಸಿಕೊಳ್ಳುತ್ತಾ. "ಮೆಷಿನ್ ಮುಂದೆ ಬಗ್ಗಿ ಬಗ್ಗಿ ಬೆನ್ನು ನೋವು. ಬೇರೇನೂ ಇಲ್ಲ."

"ನನಗೂ ಬೆನ್ನೇ" ಎಂದರು ಯಜಮಾನರು. "ಆ ಬಸ್ಸಿನ ಸೀಟು ನನ್ನ ಬೆನ್ನು ತಿಂದುಬಿಡ್ತು." ತಮ್ಮ ಹಿಂದೆ ಇಟ್ಟುಕೊಂಡಿದ್ದ ದಿಂಬನ್ನು ಎಳೆದು, ಎರಡು ಸಲ ತಟ್ಟಿ, ಅವಳ ಕೈಗೆ ಕೊಟ್ಟರು. ಟೈಲರಮ್ಮ ಅದನ್ನು ಬೆನ್ನಿಗೆ ಕೊಟ್ಟುಕೊಂಡು ಹಿಂದಕ್ಕೆ ಒರಗಿ ಕೂತಳು.